ಅತ್ತೆಯ ಹಸಿರು ಸೀರೆ, ಎರಡು ವಿಮಾನ

ವಿಮಾನ ಆರಿಸುವುದನ್ನು ನನಗೆ ಮೊದಲು ಹೇಳಿಕೊಟ್ಟವರು ಬ್ಯಾಡಗಿಯ ನಮ್ಮ ಸೋದರತ್ತೆ ಶಾಂತಕ್ಕ. ನಾನು ಕೆಲಸ ಮಾಡುವ ರಾಣೆಬೆನ್ನೂರಿನ ಬೀಜದ ಕಂಪನಿ ಮೆಣಸಿನಕಾಯಿ ಬೆಳೆಗಾರರನ್ನು ಆಕಾಶದಲ್ಲಿ ಸುತ್ತಾಡಿಸಲೆಂದು ಎರಡು ಪುಟ್ಟ ವಿಮಾನ ತರಿಸಿತ್ತು. ಎರಡಕ್ಕೂ ಒಂದೊಂದೇ ಇಂಜಿನ್. ಹೊಸದು ನುಣುಪಾಗಿತ್ತು, ಒಳಗೆ ಟಿವಿಯಂಥ ಪರದೆಗಳು. ಹಳೆಯದು ಬಾಲ ನೆಲಕ್ಕೂರಿ ಮೂತಿ ಮೇಲೆತ್ತಿ ಕೂತಿತ್ತು; ಮೈಗೆಲ್ಲ ಬಣ್ಣ ಬಳಿದ ಬಟ್ಟೆಯ ಹೊದಿಕೆ.

ಅತ್ತೆಗೆ ತಮ್ಮ ಕಣದಲ್ಲಿ ಒಣಹಾಕಿದ ಮೆಣಸಿನಕಾಯಿಯನ್ನು ಮುಗಿಲಿನಿಂದ ನೋಡುವ ಆಸೆ. ಊರ ಕಣಗಳೆಲ್ಲ ಕೆಂಪೇ ಆದ್ದರಿಂದ, ಗುರುತಿಗೆಂದು ನಡುವೆ ಹಸಿರು ಇಳಕಲ್ ಸೀರೆ ಹಾಸಿ ಬಂದಿದ್ದರು.

“ಅತ್ತೀ, ಹೊಸಾದ್ರಾಗ ಕುಂದ್ರೂಣ ಬರ್ರಿ,” ಎಂದೆ.

ಅತ್ತೆ ಎರಡನ್ನೂ ಸುತ್ತು ಹಾಕಿ ಬಂದರು. “ಇದರ ರೆಕ್ಕಿ ಕಿಟಕಿ ಕೆಳಗ ಐತಿ, ನನ್ನ ಕಣ ಹೆಂಗ ಕಾಣಬೇಕು? ಹಳೇದರದು ತಲಿ ಮ್ಯಾಲ ಐತಿ. ನಾ ಅದರಾಗ ಹೊಂಟೆ.”

“ಅದು ಬಟ್ಟೀದು ಐತ್ರಿ!”

“ಕೂಸಿದ್ದಾಗ ನಿನ್ನ ತೂಗಿದ ಜೋಳಿಗೀನೂ ಬಟ್ಟೀದ ಇತ್ತು. ಬಿದ್ದಿದ್ದೇನ?”

ನಾನು ಹೊಸದರಲ್ಲೇ ಹೋದೆ. ಮೆತ್ತನೆಯ ಸೀಟು, ತಣ್ಣನೆಯ ಗಾಳಿ. ಬ್ಯಾಡಗಿ ಬಂತೆಂದು ಬಗ್ಗಿದರೆ ಬರೀ ಬಿಳಿ ರೆಕ್ಕೆ. ಪೈಲಟ್ ಪರದೆಯ ಮೇಲೊಂದು ಚುಕ್ಕೆ ತೋರಿಸಿ, “ಬ್ಯಾಡಗಿ, ಮೇಡಂ,” ಎಂದ.

ಇಳಿದಾಗ ಅತ್ತೆ ಕೂದಲು ಕೆದರಿಕೊಂಡು ಚಪ್ಪಾಳೆ ಹೊಡೆಯುತ್ತಿದ್ದರು. “ಕಂಡಿತವ್ವಾ! ನಮ್ಮ ಎಮ್ಮಿ ಸೀರಿ ಮ್ಯಾಲ ಮಲಗಿತ್ತು!”

ಹೊಸ ವಿಮಾನ ಒಳ್ಳೆಯದೋ ಹಳೆಯದೋ ಎಂದು ಯಾರಾದರೂ ಕೇಳಿದರೆ, ಮೊದಲು ರೆಕ್ಕೆ ಎಲ್ಲಿದೆ ನೋಡಿ ಅನ್ನಿ. ಶಾಂತಕ್ಕ ಹೇಳಿದ್ದು ಅಂತಲೇ ಹೇಳಿ. ನಾನು ಕಂಡದ್ದು ಚುಕ್ಕೆ ಮಾತ್ರ.