ವಿಮಾನ ಹಿಡಿಯಲು ಹೊರಟ ಸ್ಟುಡಿಯೋದವರು

ಹಿಂದೂಪುರದ ನಮ್ಮ ಬೀದಿಯ ಸ್ಟುಡಿಯೋದವರು ಎರಡು ಬೆರಳಲ್ಲಿ ನಮ್ಮ ಗದ್ದ ಎತ್ತಿ, "ಅಲ್ಲಾಡ್ಬ್ಯಾಡ ಕಣಪ್ಪ" ಎಂದೇ ಫೋಟೊ ತೆಗೆಯುತ್ತಿದ್ದರು. ಅಂಗಡಿಯ ಗಾಜಿನೊಳಗೆ ಯುದ್ಧವಿಮಾನದ ಫೋಟೊ ಒಂದನ್ನಾದರೂ ಇಡಬೇಕೆಂಬ ಹಟ ಅವರಿಗೆ. ಯಲಹಂಕದ ವಿಮಾನ ಪ್ರದರ್ಶನಕ್ಕೆ ಹೋಗಿ ಇಡೀ ಫಿಲ್ಮ್ ರೋಲು ಮುಗಿಸಿ ಬಂದರು. ತೊಳೆದು ನೋಡಿದರೆ ಬರೀ ಆಕಾಶ. ಶಬ್ದ ಬಂದ ಕಡೆಗೇ ಕ್ಯಾಮರಾ ಹಿಡಿದಿದ್ದರಂತೆ. ವಿಮಾನ ಅಷ್ಟರಲ್ಲಿ ಮುಂದೆ ಹೋಗಿರುತ್ತಿತ್ತು.

"ಇದೇನಣ್ಣ, ಖಾಲಿ?" ಎಂದೆ.

"ಅದು ಹೋದ ದಾರಿ ಕಣಪ್ಪ."

ಆಮೇಲೆ ಚಿಲಮತ್ತೂರಿನ ಹೆದ್ದಾರಿ ಪಕ್ಕ ನಿಂತು, ಓಡುವ ಲಾರಿಗಳ ಜೊತೆ ಖಾಲಿ ಕ್ಯಾಮರಾ ತಿರುಗಿಸಿ ಅಭ್ಯಾಸ ಮಾಡಿದರು. ಮುಂದಿನ ಪ್ರದರ್ಶನಕ್ಕೆ ಕಿವಿಗೆ ಹತ್ತಿ ತುರುಕಿಕೊಂಡೇ ಹೋದರು. ಆ ರೋಲಿನ ಒಂದೇ ಒಂದು ಚಿತ್ರದ ಅಂಚಿನಲ್ಲಿ ವಿಮಾನದ ಮೂತಿಯಷ್ಟೇ ಇತ್ತು.

"ಬಾಲ ಎಲ್ಲಣ್ಣ?" ಎಂದೆ.

"ಮೂತಿ ಸಿಕ್ತಲ್ಲ ಕಣಪ್ಪ. ಬಾಲ ಎಲ್ಲಿಗೆ ಹೋಯ್ತದೆ ಬುಡು."