ಮೊಳೆಗೆ ತೂಗುಹಾಕಿದ ಖಾಕಿ ಅಂಗಿ

ಮೊನ್ನೆ ಹಳೆಯ ಖಾಕಿ ಅಂಗಿ ಒಗೆಯುವಾಗ ಅದರ ಕಾಲರ್ ಕಿತ್ತು ಕೈಗೇ ಬಂತು. ಎಷ್ಟು ಒಗೆದರೂ ಹೋಗದ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಒಗೆಯುವ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟೆ. ಆ ಅಂಗಿ ನನ್ನದಲ್ಲ, ಕಾಂಪೌಂಡರ್ ಸಾಹೇಬರದು...

ಸಾಹೇಬರು ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಗುಬ್ಬಿಯಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವರ ಮನೆ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ವರ್ಷಗಟ್ಟಲೆ ಗಾರೆ ಕೆಲಸ ಮಾಡಿ, ಕೊನೆಗೆ ಕೈಯಾರೆ ಒಂದು ಶೆಡ್ಡು ಕಟ್ಟಿಕೊಂಡಿದ್ದೆ. ಊರಿಗೆ ಹೋಗುವವರು ತಮ್ಮ ನಾಯಿಗಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ತುಮಕೂರು, ಕುಣಿಗಲ್ಲಿನಿಂದಲೂ ಕಾರಿನಲ್ಲಿ ತಂದು ಬಿಡುತ್ತಿದ್ದರು.

ನಾಯಿಯ ಜೊಲ್ಲು ತಾಗಿದರೆ ಚೆನ್ನಾಗಿ ತೊಳೆಯದೆ ಸಾಹೇಬರು ನಮಾಜಿಗೆ ನಿಲ್ಲುತ್ತಿರಲಿಲ್ಲ. ಆದರೂ ದಿನಾ ಸಂಜೆ ಬಂದು ಒಂದೊಂದರ ತಲೆ ಸವರಿ, ಆಮೇಲೆ ನಲ್ಲಿಯ ಹತ್ತಿರ ಮೊಣಕೈವರೆಗೂ ಸೋಪು ಹಾಕಿ ಉಜ್ಜುತ್ತಿದ್ದರು. ಮುಟ್ಟದೇ ಇದ್ದರೆ ಆಯಿತಲ್ಲ ಎಂದು ನಾನು ರೇಗಿಸುತ್ತಿದ್ದೆ.

"ತೊಳ್ಯಾಕೆ ನೀರೈತೆ ಕಣಪ್ಪಾ. ಮುಟ್ದೇ ಹೆಂಗಿರೋದು?" ಎನ್ನುತ್ತಿದ್ದರು.

ಒಂದು ದಸರಾ ರಜೆ. ಶೆಡ್ಡಿನಲ್ಲಿ ಹನ್ನೊಂದು ನಾಯಿ. ತುಮಕೂರಿನ ಲ್ಯಾಬ್ರಡಾರ್ ಒಂದು ಕೆಮ್ಮಲು ಶುರು ಮಾಡಿತು. ಒಣ ಕೆಮ್ಮು, ಕೊನೆಗೆ ವಾಂತಿ ಬರುವ ಹಾಗೆ ಓಕರಿಕೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂದುಕೊಂಡೆ. ನಮ್ಮಲ್ಲಿ ಯಾರಿಗಾದರೂ ಮೂಳೆ ಸಿಕ್ಕಿದರೆ ಏನು ಮಾಡುತ್ತಾರೆ? ರಾಗಿಮುದ್ದೆಯ ತುತ್ತನ್ನು ಅಗಿಯದೆ ನುಂಗಿಸುತ್ತಾರೆ. ನಾನೂ ಅದರ ಬಾಯಿ ಅಗಲಿಸಿ ಮುದ್ದೆ ತುರುಕಿದೆ. ನಾಲ್ಕು ದಿನ ಕಳೆದು ಇನ್ನೆರಡು ಕೆಮ್ಮಿದವು. ಅವಕ್ಕೂ ಅದೇ ಕೈ, ಅದೇ ಮುದ್ದೆ. ಕೋಳಿ ಮೂಳೆ ಎಲ್ಲೆಂದರಲ್ಲಿ ಎಸೆಯುತ್ತೀಯ ಎಂದು ಹೆಂಡತಿಗೆ ಬೈದೆ. ಆ ವಾರ ಸಾಹೇಬರು ಮಗಳ ಮನೆಗೆ ಹೋಗಿದ್ದರು. ಬಂದವರು ಬಾಗಿಲಲ್ಲೇ ನಿಂತು ಕೆಮ್ಮು ಕೇಳಿಸಿಕೊಂಡರು.

"ಮೂರ್ ನಾಯ್ಗೂ ಒಟ್ಗೇ ಮೂಳೆ ಸಿಕ್ಕಾಕ್ಕೊಂಡೈತಾ? ಇದು ಅಂಟೋ ಕೆಮ್ಮಪ್ಪಾ. ಒಂದರ್ ಬಾಯಿಂದ ಇನ್ನೊಂದರ್ ಬಾಯಿಗೆ ಹೊತ್ಕೊಂಡೋಗಿರೋದು ನಿನ್ ಕೈ."

ನನ್ನ ಕೈ ನೋಡಿಕೊಂಡೆ. ಶೆಡ್ಡು ಕಟ್ಟಿದ ಕೈ ಎಂದು ಬೀಗುತ್ತಿದ್ದ ಕೈ...

ಅವರು ಮನೆಗೆ ಹೋಗಿ ತಮ್ಮ ಹಳೆಯ ಖಾಕಿ ಅಂಗಿ ತಂದರು. ಶೆಡ್ಡಿನ ಹಿಂದಿನ ಕೋಣೆಯ ಬಾಗಿಲಿಗೆ ಮೊಳೆ ಹೊಡೆಸಿದರು. ಕೆಮ್ಮುವ ನಾಯಿಗಳು ಆ ಕೋಣೆಗೆ. ಒಳಗೆ ಹೋಗುವಾಗ ಅಂಗಿ ಹಾಕಿಕೊಳ್ಳಬೇಕು, ಬರುವಾಗ ಬಿಚ್ಚಿ ಮೊಳೆಗೆ ತೂಗುಹಾಕಿ ಕೈ ತೊಳೆಯಬೇಕು. ಊಟ ಮೊದಲು ಚೆನ್ನಾಗಿರುವ ನಾಯಿಗಳಿಗೆ, ಕೊನೆಗೆ ಕೆಮ್ಮುವವಕ್ಕೆ. ಎಲ್ಲವೂ ಒಟ್ಟಿಗೆ ನೀರು ಕುಡಿಯುತ್ತಿದ್ದ ಕಲ್ಲುಬಾನಿಯನ್ನು ಅವರೇ ಮಗುಚಿ ಹಾಕಿದರು. ಔಷಧಿ ಮಾತ್ರ ತಾವು ಕೊಡಲಿಲ್ಲ, ಡಾಕ್ಟರನ್ನೇ ಕರೆಸಿದರು. ಕುಣಿಗಲ್ಲಿನ ಟೀಚರಮ್ಮನ ಪುಟ್ಟ ಮರಿಗೂ ಅಷ್ಟರಲ್ಲಿ ಜ್ವರ ಹತ್ತಿತ್ತು. ಕೆಮ್ಮು ಎದೆಗೆ ಇಳಿದಿದೆ, ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು.

ಮಾರನೆಯ ದಿನ ಎರಡು ನಾಯಿ ಮನೆಗೆ ಹೋಗಬೇಕಿತ್ತು. ಅವಿನ್ನೂ ಕೆಮ್ಮಿರಲಿಲ್ಲ. ಸುಮ್ಮನೆ ಕಳಿಸಿಬಿಡುತ್ತೇನೆ, ವಿಷಯ ಗೊತ್ತಾದರೆ ಇನ್ನು ಯಾರೂ ನನ್ನ ಹತ್ತಿರ ನಾಯಿ ಬಿಡುವುದಿಲ್ಲ ಎಂದೆ. ಸಾಹೇಬರು ನನ್ನ ಕಡೆ ತಿರುಗಿದರು.

"ಮುಚ್ಚಿಟ್ರೆ ನಿನ್ ಹೆಸ್ರು ಉಳೀತದೆ. ಅವ್ರ ಪಕ್ಕದ್ ಮನೆ ನಾಯಿ ಉಳೀತದಾ?"

ಆ ಎರಡನ್ನೂ ಕಳಿಸದೆ ಉಳಿಸಿಕೊಂಡು, ಹನ್ನೊಂದು ಮನೆಗೂ ಫೋನು ಮಾಡಿದೆ. ಮುದ್ದೆ ತುರುಕಿದ್ದನ್ನೂ ಹೇಳಿದೆ. ಟೀಚರಮ್ಮ ಫೋನಿನಲ್ಲೇ ಅತ್ತರು. ತುಮಕೂರಿನ ಲ್ಯಾಬ್ರಡಾರ್‌ನವರು, "ನಾಯಿ ನೋಡ್ಕೊಳ್ಳಾಕ್ ಬರದೋನು ಶೆಡ್ ಯಾಕ್ಲಾ ಹಾಕ್ದೆ" ಎಂದರು. ಬೈಸಿಕೊಂಡೆ.

ಮರಿಗೆ ಹೊತ್ತಿಗೆ ಸರಿಯಾಗಿ ಔಷಧಿ ಹಾಕಿದ್ದು ನಾನು. ಬೆರಳ ತುದಿಯಲ್ಲಿ ಗಂಜಿ ನೆಕ್ಕಿಸಿದ್ದು ಸಾಹೇಬರು. ಪ್ರತಿ ಸಲವೂ ನಲ್ಲಿಗೆ ಹೋಗಿ ಬರುತ್ತಿದ್ದರು, ಕೈಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು. ಐದನೆಯ ದಿನ ಮರಿ ತಾನೇ ಎದ್ದು ತಟ್ಟೆಯ ಹತ್ತಿರ ಬಂತು. ಹನ್ನೊಂದರಲ್ಲಿ ಹನ್ನೊಂದೂ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋದವು. ಇದನ್ನು ಇವತ್ತಿಗೂ ಎದೆ ಉಬ್ಬಿಸಿಯೇ ಹೇಳುತ್ತೇನೆ.

ಮುಂದಿನ ದಸರಾಕ್ಕೆ ಮೊದಲು ಬಂದ ಕಾರು ಆ ಬೈದವರದೇ. "ಸುಳ್ ಹೇಳಲ್ವಲ್ಲ ನೀನು, ಅದಕ್ಕೇ ಬಂದೆ" ಎಂದರು. ಸಾಹೇಬರು ಅಲ್ಲೇ ನಲ್ಲಿಯ ಹತ್ತಿರ ಕೈ ಉಜ್ಜುತ್ತಿದ್ದರು. ತಲೆ ಎತ್ತಲಿಲ್ಲ, ಆದರೆ ನಗುತ್ತಿದ್ದದ್ದು ನನಗೆ ಕಂಡಿತು.

ಈಗ ಲಸಿಕೆ ಚೀಟಿ ಇಲ್ಲದ ನಾಯಿಯನ್ನು ನಾನು ಒಳಗೆ ಬಿಡುವುದಿಲ್ಲ. ಆದರೂ ಅಪರೂಪಕ್ಕೆ ಒಂದು ಕೆಮ್ಮುತ್ತದೆ. ಆದರೆ ನನ್ನ ಶೆಡ್ಡಿನಲ್ಲಿ ಒಂದರಿಂದ ಇನ್ನೊಂದಕ್ಕೆ ಅಂಟಿದ್ದು ಅದೇ ಕೊನೆ.

ಸಾಹೇಬರು ತೀರಿಕೊಂಡು ಎರಡು ವರ್ಷವಾಯಿತು. ಮಣ್ಣಿಗೆ ನಾನೂ ಹೋಗಿದ್ದೆ, ಒಂದು ಹಿಡಿ ಹಾಕಿ ಬಂದೆ...

ಹರಿದ ಅಂಗಿಯನ್ನು ಮಡಿಸಿ ಬೀರುವಿನಲ್ಲಿಟ್ಟಿದ್ದೇನೆ. ಹೊಸ ಖಾಕಿ ಅಂಗಿ ಹೊಲಿಸಿದ್ದೇನೆ. ಇವತ್ತು ಹಿಂದಿನ ಕೋಣೆಯಲ್ಲಿ ಕೆಮ್ಮುವ ನಾಯಿ ಒಂದಿತ್ತು. ಹೊಸ ಅಂಗಿ ಹಾಕಿಕೊಂಡು ಊಟ ಕೊಟ್ಟು, ಬಂದು ಅದೇ ಮೊಳೆಗೆ ತೂಗುಹಾಕಿದೆ. ಯಾಕೋ ಕಣ್ಣು ತುಂಬಿತು. ಒರೆಸಲು ಎತ್ತಿದ ಕೈಯನ್ನು ಹಾಗೇ ತಡೆದೆ. ಮೊದಲು ನಲ್ಲಿಗೆ ಹೋಗಿ ಮೊಣಕೈವರೆಗೂ ಸೋಪು ಹಾಕಿ ತೊಳೆದೆ. ಆಮೇಲೆ ಕಣ್ಣು ಒರೆಸಿಕೊಂಡೆ.