ಕೆಂಡ ಕೇಳಿದ ಸೊಸೆ

ನನ್ನ ಸೊಸೆ ಗಿರಿಜಾ ಮಕ್ತಲದ ಶಾಲೆಯಲ್ಲಿ ಕೂಡು ಕುಟುಂಬದ ಪಾಠ ಹೇಳುತ್ತಾಳೆ. ಮನೆಗೆ ಬಂದು ಬೇರೆ ಒಲೆ ಕೇಳುತ್ತಾಳೆ. ಎರಡನ್ನೂ ಒಂದೇ ಬಾಯಿಂದ ಹೇಗೆ ಹೇಳುತ್ತಾಳೋ, ಓದಿದವರಿಗೇ ಗೊತ್ತು. ನನ್ನ ಓದು ನಾಲ್ಕನೇ ಜಮಾತಿಗೇ ಮುಗಿಯಿತು.

ಮಹಡಿಯ ಮೇಲೊಂದು ಅಡುಗೆಮನೆ ಮಾಡಿಕೊಳ್ಳುತ್ತೇನೆಂದು ಅವಳು ಉಗಾದಿಗೇ ಕೇಳಿದ್ದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅತ್ತೆಯಾದವಳಿಗೆ ಇದೊಂದು ಅನುಕೂಲ: ಸುಮ್ಮನಿದ್ದರೆ ಸಾಕು, ಬೇಡ ಎಂದೇ ಅರ್ಥ. ಅವಳು ಮೇಲೆ ಕಟ್ಟೆ ಕಟ್ಟಿಸಿ, ಗ್ಯಾಸ್ ಒಲೆ ತಂದಿಟ್ಟು, ನನ್ನ ಬಾಯಿ ನೋಡುತ್ತಿದ್ದಳು. ಒಲೆಯ ಮೇಲೆ ಧೂಳು ಕೂತಿತ್ತು.

ಹೀಗಿರುವಾಗ ಹೋದ ವಾರ ಬಂದು, "ಅತ್ತೀ, ನಾಳೆ ನಮ್ಮ ಸಾಲಿಗೆ ಬರ್ರಿ. ಹತ್ತೊಂಬತ್ತನೇ ಶತಮಾನದಾಗ ಮನಿತನ ಹ್ಯಾಂಗ ಇತ್ತಂತ ಹುಡುಗರಿಗೆ ಹೇಳ್ರಿ" ಎಂದಳು.

"ಆವಾಗ ನಮ್ಮವ್ವನೂ ಹುಟ್ಟಿದ್ದಿಲ್ಲ. ನಾ ಏನ್ ಕಂಡೀನಿ?"

"ಕೇಳಿದ್ದು ಹೇಳ್ರಿ. ಎಲ್ಲಾರೂ ಕೂಡಿ ಚೊಲೊ ಇದ್ರು ಅಂತ."

ಆ ಕೊನೆಯ ಮಾತು ನನಗೆ ಹಿಡಿಸಿತು. ತರಗತಿಯ ಮುಂದೆ ನಿಂತು ಒಂದೊಲೆಯ ಹಿರಿಮೆ ಹೇಳಿಬಂದರೆ ಮಹಡಿಯ ಮಾತು ಅಲ್ಲಿಗೇ ಮುಗಿಯುತ್ತದೆ. ಇಂಥ ಅವಕಾಶ ಬಿಡುವ ಅತ್ತೆ ಯಾವ ಶತಮಾನದಲ್ಲೂ ಇರಲಿಕ್ಕಿಲ್ಲ. ಗದ್ವಾಲ ಸೀರೆ ಉಟ್ಟು ಹೋದೆ.

ಗೋಡೆಗೆ ಮಕ್ಕಳು ಬರೆದ ಚಿತ್ರ ಅಂಟಿಸಿದ್ದರು. ಹಳೆಯ ಮನೆ, ಪಡಸಾಲೆಯಲ್ಲಿ ಮಗ್ಗ, ಗಂಡಸರು ಹೆಂಗಸರು ಒಂದೇ ಸಾಲಿನಲ್ಲಿ ಉಣ್ಣಲು ಕೂತಿದ್ದಾರೆ, ಎಲ್ಲರ ಮುಖದಲ್ಲೂ ನಗು. ನನ್ನ ಬಾಯಿ ತಡೆಯಲಿಲ್ಲ.

"ಇಷ್ಟು ಮಂದಿಗೆ ನೀಡೋರು ಯಾರು? ಮೊದಲ ಈ ಹೆಣ್ಮಕ್ಕಳನ್ನ ಎಬ್ಬಿಸ್ರಿ!"

ಮಕ್ಕಳು ನಕ್ಕರು. ಗಿರಿಜಾ ನಗಲಿಲ್ಲ. ಹಳೆಯ ಮನೆತನವನ್ನು ಹೊಗಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಎಲ್ಲರೂ ಕೂತು ಉಂಡವರೇ. ನಿಂತು ನೀಡಿದವರು ಹೊಗಳಿದ್ದು ಕೇಳಿಲ್ಲ.

ಬಾಯಿ ಒಮ್ಮೆ ಹಳಿ ತಪ್ಪಿದ ಮೇಲೆ ಉಳಿದದ್ದೂ ಬಂತು. ನನ್ನ ಅಜ್ಜಿಯ ತಾಯಿ ಗದ್ವಾಲದ ನೇಕಾರರ ಮನೆಯ ಸೊಸೆ. ಆಗ ಬೇರೆಯಾಗುವವರು ದೊಡ್ಡ ಒಲೆಯ ಕೆಂಡ ಒಯ್ದು ಹೊಸ ಒಲೆ ಹೊತ್ತಿಸಬೇಕಿತ್ತು. ಕೆಂಡವನ್ನು ಅತ್ತೆಯೇ ಕೈಯಾರೆ ಕೊಡಬೇಕು. ಕೊಟ್ಟರೆ ಒಪ್ಪಿಗೆ, ಒಲೆ ಎರಡಾದರೂ ಹೋಗಿಬರುವುದು ಇರುತ್ತದೆ. ಈ ಸೊಸೆ ಒಡೆದ ಹಂಚು ಹಿಡಿದು ಕೇಳಲು ಹೋದಳು. ಅತ್ತೆ ಮಾತಾಡದೆ ಕೊಡ ಎತ್ತಿ ಒಲೆಗೆ ನೀರು ಸುರಿದಳು. ಅವತ್ತು ಮನೆಯಲ್ಲಿ ಯಾರಿಗೂ ಕೂಳಿಲ್ಲ, ಸುರಿದವಳಿಗೂ. ಸೊಸೆ ನೆರೆಮನೆಯ ಬೆಂಕಿ ತಂದು ಒಲೆ ಹಚ್ಚಿದಳು. ನಡುವೆ ಒಂದೇ ಗೋಡೆ. ಅತ್ತೆ ಸಾಯುವವರೆಗೂ ಒಂದು ಬಟ್ಟಲು ಸಾರು ಆ ಗೋಡೆ ದಾಟಲಿಲ್ಲ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಅಜ್ಜೀ, ನೀರು ಸುರುವಿ ಆಕಿಗೆ ಏನ್ ಸಿಕ್ತು?"

"ಹಸಿ ಬೂದಿ" ಎಂದೆ. ಒಂದೊಲೆಯ ಹಿರಿಮೆ ಹೇಳಲು ಹೋದವಳ ಗತಿ ಇದು.

ಮನೆಯ ದಾರಿಯಲ್ಲಿ ಗಿರಿಜಾ ಮುಖ ಊದಿಸಿಕೊಂಡೇ ನಡೆದಳು. "ಚೊಲೊ ಇದ್ರು ಅಂತ ಹೇಳ್ರಿ ಅಂದಿದ್ನಲ್ಲ."

"ಚೊಲೊ ಇದ್ದಿದ್ರ ಹೇಳ್ತಿದ್ದೆ. ಅಷ್ಟು ಚೊಲೊ ಅಂದ್ರ ನಿನಗ ಬ್ಯಾರೆ ಒಲಿ ಯಾಕ?"

ಅವಳು ನಡಿಗೆ ನಿಧಾನ ಮಾಡಿದಳು. "ನಿಮ್ಮನ್ನ ಬಿಟ್ಟು ಹೋಗಾಕ ಅಲ್ರಿ ಅತ್ತಿ. ಸಾರಿಗೆ ಉಪ್ಪು ಎಷ್ಟು ಹಾಕ್ಲಿ ಅಂತ ದಿನಾ ಕೇಳೋದು ಸಾಕಾಗೇತಿ."

ಕೇಳು ಎಂದು ನಾನು ಯಾವತ್ತೂ ಹೇಳಿರಲಿಲ್ಲ. ಕೇಳದೆ ಹಾಕಿದ ದಿನ ಸುಮ್ಮನಿದ್ದೆನೇ ಎಂದರೆ, ಅದೂ ಇಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತೆ. ಗ್ಯಾಸ್ ಒಲೆಯಲ್ಲಿ ಕೆಂಡ ಎಲ್ಲಿಂದ ಬರಬೇಕು? ಮೊಳೆಗೆ ತೂಗುಹಾಕಿದ್ದ ಲೈಟರ್ ತೆಗೆದು ಅವಳ ಕೈಗೆ ಕೊಟ್ಟೆ.

"ಹಿಡಿ. ಮ್ಯಾಲ ಹೋಗಿ ಹಚ್ಚು."

ಅವಳಿಗೆ ಅರ್ಥವಾಯಿತು. ಆದರೂ ಮೇಷ್ಟ್ರಗಿತ್ತಿಯಲ್ಲವೇ, ಪ್ರಶ್ನೆ ಬಿಡಲಿಲ್ಲ. "ಇರೋದು ಇದೊಂದ ಐತಿ. ನೀವು ಕೆಳಗ ಹ್ಯಾಂಗ ಹಚ್ಚತೀರಿ?"

"ನಾ ಯಾಕ ಹಚ್ಚಲಿ? ಮ್ಯಾಲ ಬಂದು ಉಣ್ತೀನಿ. ಉಪ್ಪು ಕಡಿಮಿ ಆಗೇತಿ ಅಂತ ಹೇಳಾಕ ನಿನಗ ಯಾರರ ಬೇಕಲ್ಲ!"